ಮೊಳೆಯ ಮೇಲಿನ ಬಿಲ್ಲೆ

ಆಗಸ್ಟ್ 9, ಭಾನುವಾರ ಸಂಜೆ
ಹಾಸ್ಟೆಲ್, ಎರಡನೇ ಮಹಡಿ

ಅಕ್ಕಾ,

ಮೊದಲು ಬೈದುಬಿಡು. ಮನಸಾರೆ ಬೈದು, ಆಮೇಲೆ ಮುಂದೆ ಓದು.

ನೀನು ಬಸ್‌ಸ್ಟ್ಯಾಂಡಿನ ಗಡಿಯಾರದ ಕೆಳಗಿನ ಬೆಂಚಿನಲ್ಲಿ ಕೂತು ಕಾದಿರ್ತೀಯ ಅಂತ ಗೊತ್ತು. ಎರಡು ತಿಂಗಳಾದಮೇಲೆ ಮೊದಲ ಸಲ ಬಂದಿದ್ದೀಯ, ನಾನು ಬರಲಿಲ್ಲ. ಬರಲಿಲ್ಲ ಅಲ್ಲ, ಬಿಡಲಿಲ್ಲ. ಸೀರಿಯಸ್ಲಿ, ಈ ಎರಡು ಪದದ ನಡುವೆ ಎಷ್ಟು ದೊಡ್ಡ ಗೋಡೆ ಇದೆ ಅಂತ ಇವತ್ತೇ ನನಗೆ ಗೊತ್ತಾಗಿದ್ದು.

ಇಲ್ಲಿನ ರೂಲ್ ಹೇಳಿರಲಿಲ್ಲ ನಿನಗೆ. ಹೇಳಿದ್ರೆ ಟೆನ್ಷನ್ ಮಾಡ್ಕೋತೀಯ ಅಂತ. ಪ್ರತಿ ಹುಡುಗಿಗೂ ನಂಬರ್ ಕೊರೆದ ಒಂದು ಹಿತ್ತಾಳೆ ಬಿಲ್ಲೆ ಕೊಟ್ಟಿರ್ತಾರೆ. ಗೇಟಿನ ಪಕ್ಕ ಒಂದು ಹಲಗೆ, ಅದರ ತುಂಬ ಮೊಳೆ. ನಾನು ಹೊರಗೆ ಹೋಗಬೇಕಾದ್ರೆ ಒಳಗೇ ಇರೋ ಇನ್ನೊಬ್ಬಳು ಬಂದು, ತನ್ನ ಬಿಲ್ಲೆ ಮೊಳೆಗೆ ನೇತುಹಾಕಿ, "ಇವಳಿಗೆ ನಾನಿದ್ದೀನಿ" ಅಂತ ಗೇಟಿನ ಅಜ್ಜನಿಗೆ ಹೇಳಬೇಕು. ನಾನು ವಾಪಸ್ ಬರೋವರೆಗೂ ಅವಳು ಗೇಟು ದಾಟೋ ಹಾಗಿಲ್ಲ. ಸಂಜೆ ಏಳರ ಗಂಟೆ ಹೊಡೆದರೂ ನಾನು ಬರಲಿಲ್ಲ ಅಂದ್ರೆ ಅವಳ ಬಿಲ್ಲೆ ವಾರ್ಡನ್ ಮೇಡಂ ಡ್ರಾಯರ್ ಸೇರ್ತದೆ, ಒಂದು ತಿಂಗಳು ಅವಳಿಗೆ ಹೊರಗಿನ ಗಾಳಿ ಇಲ್ಲ. ಲೇಟಾಗಿ ಬಂದ ನನಗೆ? ಒಂದು ಲೆಕ್ಚರ್, ಅಷ್ಟೇ. "ಹುಡುಗೀರನ್ನ ಹುಡುಗೀರೇ ಕಾಯ್ಕೊಂಡ್ರೆ ನನ್ನ ಗಂಟಲು ಉಳಿಯತ್ತೆ" ಅಂತಾರೆ ಮೇಡಂ. ಗಂಟಲು ಉಳಿಸ್ಕೊಳ್ಳೋಕೆ ನಮ್ಮ ಕತ್ತು!

ನನ್ನ ರೂಮ್‌ಮೇಟ್ ಒಬ್ಬಳಿದ್ದಾಳೆ. ಈಜು ಟೀಮಿನವಳು. ನಾನು ಅವಳಿಗೆ ಇಟ್ಟಿರೋ ಹೆಸರು ಮಹಾರಾಣಿ. ನಿನ್ನೆ ಮಧ್ಯಾಹ್ನ ಬಂದು, "ಗುಬ್ಬಿ, ಪ್ಲೀಸ್ ಕಣೆ, ನೀನು ಬಿಟ್ರೆ ನನಗ್ಯಾರಿದ್ದಾರೆ, ಆರಕ್ಕೆಲ್ಲ ಬಂದುಬಿಡ್ತೀನಿ" ಅಂತ ಗಲ್ಲ ಹಿಡಿದಳು. ನಾಳೆ ನಮ್ಮಕ್ಕ ಬರ್ತಾಳೆ, ಹುಷಾರು ಅಂದೆ. "ಅಯ್ಯೋ ಅಷ್ಟೂ ಗೊತ್ತಾಗಲ್ವಾ" ಅಂದಳು. ಹೋಗಿ ಬಿಲ್ಲೆ ಹಾಕಿದೆ.

ಏಳರ ಗಂಟೆಗೆ ನನ್ನ ಬಿಲ್ಲೆ ಡ್ರಾಯರ್ ಸೇರ್ತು, ಅವಳು ಬಂದಿದ್ದು ಇವತ್ತು ಸಂಜೆ. ಒದ್ದೆ ಕೂದಲು, ಕೈಯಲ್ಲೊಂದು ಬಿಸ್ಕತ್ ಪೊಟ್ಟಣ. "ಓ, ಸಾರಿ ಕಣೆ. ಫ್ರೆಂಡ್ ಮನೇಲಿ ನಿದ್ದೆ ಹತ್ತಿಬಿಡ್ತು. ತಿನ್ನು." ಅದನ್ನ ಕಿಟಕಿಯಿಂದ ಎಸೆದೆ. ಗೇಟಿನ ಅಜ್ಜ ಎತ್ತಿಕೊಂಡು ತಿಂದ.

ಬೆಳಿಗ್ಗೆ ಗೇಟಿನ ಕಂಬಿ ಹಿಡ್ಕೊಂಡು ಅತ್ತಿದ್ದೀನಿ ಅಕ್ಕಾ. ಹತ್ತು ನಿಮಿಷ ಅಂದೆ. ಫಸ್ಟ್ ಇಯರ್‌ನವರಿಗೆ ಫೋನ್ ಇಲ್ಲ, ಆಫೀಸಿಂದ ಒಂದು ಫೋನ್ ಮಾಡ್ಲಾ ಅಂದೆ. ಅಜ್ಜ ಅಂದ, "ಬಿಲ್ಲೆ ಇಲ್ದೆ ನಾನೂ ನಿನ್ನ ಹಾಗೇ ಒಳಗಿನವನೇ ಮಗಳೇ."

ಇವಳನ್ನ ನಾನು ಬಿಡಲ್ಲ. ಬರೆದಿಟ್ಕೋ.

ನಿನ್ನ
ಗುಬ್ಬಿ


ಆಗಸ್ಟ್ 17

ಪ್ರೀತಿಯ ಗುಬ್ಬಿ,

ಪತ್ರ ಬಂತು. ಬೈಯೋದಕ್ಕೇನಿದೆ. ಕೋಟಿನ ಗುಂಡಿ, ಲೈನಿಂಗ್ ಬಟ್ಟೆ ತರೋಕೆ ಅಂತ ಪೇಟೆಗೆ ಬಂದಿದ್ದೆ. ಹಾಗೇ ನಿನ್ನ ನೋಡಿಕೊಂಡು ಹೋಗೋಣ ಅಂತಿತ್ತು, ಆಗಲಿಲ್ಲ. ಬೆಂಚು ಚೆನ್ನಾಗಿತ್ತು. ಗಡಿಯಾರ ಸ್ವಲ್ಪ ಮುಂದಿದೆ. ಕೊನೇ ಬಸ್ಸಿಗೆ ಹೊರಟೆ. ಬ್ಯಾಗು ಭಾರ ಇತ್ತು, ಹೊತ್ಕೊಂಡು ವಾಪಸ್ ಬಂದೆ.

ಅಂಗಡೀಲಿ ಕೆಲಸ ಜಾಸ್ತಿ. ಚಿಕ್ಕಪ್ಪ ಚೆನ್ನಾಗಿದ್ದಾರೆ. ಚಿಕ್ಕಮ್ಮ ಬಾಗಿಲ ಹತ್ತಿರ ಕೂತು ಗುಂಡಿಯ ಕಾಜ ಹೊಲೀತಾರೆ. ನನ್ನ ಫೋನ್ ಕೆಟ್ಟಿದೆ, ಚಿಕ್ಕಪ್ಪ ರಿಪೇರಿಗೆ ಕೊಟ್ಟಿದ್ದಾರೆ.

ಆ ಹುಡುಗಿ ವಿಷಯ ಬಿಟ್ಟುಬಿಡು. ಹೋದದ್ದು ಹೋಯ್ತು.

ಅಕ್ಕ

(ಮಗೂ, ಚಿಕ್ಕಪ್ಪನ ಆಶೀರ್ವಾದ. ಅಕ್ಕನ ಪತ್ರ ಓದಿ ಸಂತೋಷವಾಯಿತು. ಓದಿನ ಕಡೆ ಗಮನ ಇರಲಿ. ಪೇಟೆ ಸುತ್ತುವುದು ಬೇಡ.)


ಆಗಸ್ಟ್ 24

ಅಕ್ಕಾ,

ಇಷ್ಟೇನಾ? ನಾನು ನಾಲ್ಕು ಪುಟ ಬೈಗುಳ ಎಕ್ಸ್‌ಪೆಕ್ಟ್ ಮಾಡಿ, ಕಾಫಿ ಕುಡಿದು, ಹೆಗಲು ಗಟ್ಟಿ ಮಾಡ್ಕೊಂಡು ಪತ್ರ ಒಡೆದ್ರೆ "ಬೆಂಚು ಚೆನ್ನಾಗಿತ್ತು"! ಮತ್ತೆ ಗುಂಡಿ ಬ್ಯಾಗು ಅಷ್ಟು ಭಾರನಾ? ಏನು, ಕಲ್ಲಿನ ಗುಂಡಿನಾ? ಯಾರಿಗೆ ಹೊಲೀತಿದ್ದೀಯ, ಪ್ರತಿಮೆಗಾ?

ಚಿಕ್ಕಪ್ಪ ಪಾಪ ಎಷ್ಟು ಅಕ್ಕರೆಯಿಂದ ಎರಡು ಸಾಲು ಸೇರಿಸಿದ್ದಾರೆ. ನಾವು ಅವರನ್ನ ಸುಮ್ನೆ ಗಡಸು ಅಂತೀವಿ. ಅಪ್ಪ ಅಮ್ಮ ಹೋದಮೇಲೆ ನನ್ನನ್ನ ಬೋರ್ಡಿಂಗ್ ಸ್ಕೂಲಿಗೆ ಹಾಕಿ ಓದಿಸಿದ್ದು ಅವರೇ ಅಲ್ವಾ. ನೀನು ಇನ್ನೂ ಅವರ ಅಂಗಡೀಲೇ ಇದ್ದೀಯ, ಆರಾಮಾಗಿ. ನನಗಿಲ್ಲಿ ಹಾಸಿಗೆ ಮಡಿಸೋದೂ ವಾರ್ಡನ್ ಮೇಡಂ ಕಣ್ಣ ಕೆಳಗೆ.

ಹೋದದ್ದು ಹೋಯ್ತಂತೆ! ನಿನ್ನ ಒಳ್ಳೇತನಕ್ಕೆ ಇಷ್ಟು ಬೆಂಕಿ ಹಾಕ. ನಾನು ಶುರು ಮಾಡಿ ಆಯ್ತು. ಮೊದಲ ವಾರ, ಮಹಾರಾಣಿಯ ಟೂತ್‌ಪೇಸ್ಟ್ ಟ್ಯೂಬಿನ ಬಾಯಿಗೆ ಉಪ್ಪು. ಉಪ್ಪು ತಿಂದವಳು ನೀರು ಕುಡೀಲೇಬೇಕು, ಕುಡಿದಳು, ಅರ್ಧ ಬಾಟಲಿ. ಎರಡನೇ ವಾರ, ಅವಳ ಅಲಾರಂ ಬ್ಯಾಟರಿ ತಿರುಗಿಸಿಟ್ಟೆ. ಗೇಟಿನೊಳಗಿನ ಕಾಲೇಜು ಈಜುಕೊಳದ ಪ್ರಾಕ್ಟೀಸ್ ತಪ್ಪಿ ಕೋಚ್ ಹತ್ರ ಉಗಿಸ್ಕೊಂಡು ಬಂದಳು. ನಾನು ಗೋಡೆ ಕಡೆ ತಿರುಗಿ ಮಲಗಿ ನಕ್ಕೆ. ಐ ಮೀನ್, ಸ್ವಲ್ಪ ಹೊತ್ತು ನಕ್ಕೆ. ಆಮೇಲೆ ಸಿಕ್ಕಿಬಿದ್ರೆ ಅಂತ ಎದ್ದು ಬ್ಯಾಟರಿ ಸರಿ ಮಾಡಿಟ್ಟೆ.

ಇದೆಲ್ಲ ಚಿಲ್ಲರೆ. ದೊಡ್ಡದು ಇನ್ನೂ ಇದೆ. ಸೆಪ್ಟೆಂಬರ್ ಕೊನೆಯ ಭಾನುವಾರ ಅವಳಿಗೆ ಆಯ್ಕೆ ಸ್ಪರ್ಧೆ. ಅದರಲ್ಲಿ ಗೆದ್ದರೆ ದೊಡ್ಡ ತಂಡ. ಅದಕ್ಕಾಗಿ ಆರು ವರ್ಷದಿಂದ ಕ್ಲೋರಿನ್ ಕುಡೀತಿದ್ದಾಳೆ. ಆದ್ರೆ ಹಾಸ್ಟೆಲ್‌ನಲ್ಲಿ ಅವಳಿಂದ ಬಿಲ್ಲೆ ಕಳ್ಕೊಂಡವಳು ನಾನೊಬ್ಬಳೇ ಅಲ್ಲ. ಈಗ ಯಾರೂ ಅವಳಿಗೆ ಹಾಕ್ತಿಲ್ಲ. ಮಾಡಿದ್ದುಣ್ಣೇ ಮಹಾರಾಣಿ!

ಫೋನ್ ರಿಪೇರಿಗೆ ಇಷ್ಟು ದಿನ ಬೇಕಾ?

ಗುಬ್ಬಿ


ಸೆಪ್ಟೆಂಬರ್ 6

ಗುಬ್ಬಿ,

ಈ ಪತ್ರ ನಮ್ಮ ಬೀದಿಯ ಸಂಗೀತದ ಟೀಚರ್ ಕೈಯಲ್ಲಿ ಕಳಿಸ್ತಿದ್ದೀನಿ. ಅವರ ಗೌನಿನ ಸೊಂಟ ಬಿಚ್ಚಿ ಅಗಲ ಮಾಡಿಕೊಟ್ಟೆ, ಮಡಿಚಿದ ಬಟ್ಟೆಯೊಳಗೆ ಇದನ್ನಿಡ್ತೀನಿ. ಇನ್ನುಮೇಲೆ ನೀನೂ ಅವರ ವಿಳಾಸಕ್ಕೇ ಬರಿ. ಮನೆಗೆ ಬರೆದದ್ದನ್ನ ಚಿಕ್ಕಪ್ಪ ಒಡೆದು ಓದಿ ಆಮೇಲೆ ನನಗೆ ಕೊಡ್ತಾರೆ. ನನ್ನ ಪತ್ರಾನೂ ಅವರೇ ಓದಿ ಅಂಟಿಸೋದು. ಆಶೀರ್ವಾದ ಹಾಗೆ ಬಂದದ್ದು.

ಬ್ಯಾಗಿನಲ್ಲಿ ಗುಂಡಿ ಇರಲಿಲ್ಲ. ನನ್ನ ದೊಡ್ಡ ಕತ್ತರಿ, ಟೇಪು, ಮೂರು ಜೊತೆ ಬಟ್ಟೆ, ಅಮ್ಮನ ಶಾಲು ಇತ್ತು. ನಾನು ಮನೆ ಬಿಟ್ಟು ಬಂದಿದ್ದೆ ಗುಬ್ಬಿ.

ನಿಮ್ಮ ಪೇಟೆಯ ನಾಟಕ ಮಂದಿರದಲ್ಲಿ ವೇಷದ ಬಟ್ಟೆ ಹೊಲಿಯೋ ವಿಭಾಗ ಇದೆ. ಅವರ ತಂಡ ನಮ್ಮೂರಿಗೆ ಬಂದಾಗ ರಾಜನ ಪಾತ್ರದವನ ಅಂಗಿ ಬೆನ್ನಲ್ಲಿ ಹೊಲಿಗೆ ಬಿಟ್ಟಿತ್ತು. ಅವನು ಪರದೆ ಹಿಂದೆ ನಿಂತೇ ಇದ್ದ, ನಾನು ನಿಂತೇ ಹೊಲಿದೆ. ಅಲ್ಲಿನ ಮುಖ್ಯಸ್ಥೆ ನನ್ನ ಕೈ ನೋಡಿ, "ಬರ್ತೀಯಾ? ಮೇಲೊಂದು ರೂಮಿದೆ" ಅಂದರು. ಒಂದೇ ಷರತ್ತು. ಹಿಂದೆ ಒಬ್ಬ ಹುಡುಗಿ ಬಂದಾಗ ಅವಳ ಮಾವಂದಿರು ಬಂದು ಕಿಟಕಿ ಗಾಜೆಲ್ಲ ಒಡೆದು ಹಾಕಿದ್ದರಂತೆ. ಅದಕ್ಕೇ ಮನೆಯವರು ಒಬ್ಬರು ಎದುರಿಗೆ ನಿಂತು, "ಇವಳು ನಮ್ಮವಳು, ತನ್ನಿಷ್ಟದಿಂದ ಬಂದಿದ್ದಾಳೆ" ಅಂತ ಹೇಳಬೇಕು. ಮನೆಯವರು ಅಂದ್ರೆ ನನಗೆ ನೀನು. ಅಷ್ಟಕ್ಕೇ ಬೆಂಚಿನಲ್ಲಿ ಕೂತಿದ್ದೆ. ಎದ್ದು ಹಾಸ್ಟೆಲ್ ಕಡೆ ಬಂದ್ರೆ ದಾರೀಲಿ ನೀನು ತಪ್ಪಿಹೋಗ್ತೀಯ ಅಂತ ಏಳಲೇ ಇಲ್ಲ.

ಕೊನೇ ಬಸ್ಸಿಗೆ ವಾಪಸ್ ಬಂದೆ. ಚಿಕ್ಕಪ್ಪ ಬ್ಯಾಗು ಸುರಿದು ನೋಡಿದರು. ಕೈ ಎತ್ತಲಿಲ್ಲ. ನಗ್ತಾ ಹೇಳಿದರು, "ಹೋಗಮ್ಮ, ಧಾರಾಳವಾಗಿ ಹೋಗು. ನೀನು ಹೊಸಿಲು ದಾಟಿದ ದಿನ ಅವಳ ಓದು ನಿಲ್ತದೆ. ಆಮೇಲೆ ನಿನ್ನ ಕುರ್ಚಿಗೆ ಅವಳೇ ಬಂದು ಕೂರಲಿ." ನಾನಿಲ್ಲದಿದ್ರೆ ಅಂಗಡೀಲಿ ಕೋಟು ಕತ್ತರಿಸೋರು ಇಲ್ಲ, ಅದು ಅವರಿಗೆ ಗೊತ್ತು. ಈಗ ಫೋನ್ ಅವರ ಕೋಟಿನ ಎಡ ಜೇಬಿನಲ್ಲಿ. ಹೊರಗೆ ಹೋಗುವಾಗ ಬಾಗಿಲಿಗೆ ಬೀಗ, ಬೀಗದ ಕೈ ಬಲ ಜೇಬಿನಲ್ಲಿ. ಚಿಕ್ಕಮ್ಮ ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರ್ತಾಳೆ, ಬೀಗದ ಮೇಲೊಂದು ಬೀಗ. ಕನ್ನಡಕದ ಮೇಲಿಂದ ನನ್ನನ್ನೇ ನೋಡ್ತಾಳೆ. ಅವಳ ಕಾಜದ ಸೂಜಿ ನನ್ನ ಕಣ್ಣಿಗೇ ಚುಚ್ಚಿದ ಹಾಗಾಗ್ತದೆ.

ಇದನ್ನ ನಿನಗೆ ಹೇಳಬಾರದು ಅಂತಿದ್ದೆ. ನೀನು ಅಲ್ಲಿ ನಗ್ತಿರು ಅಂತ. ಆದ್ರೆ "ಆರಾಮಾಗಿ ಇದ್ದೀಯ" ಅಂತ ಬರೆದೆಯಲ್ಲ, ಅದನ್ನ ಎರಡು ದಿನ ಮತ್ತೆ ಮತ್ತೆ ಓದಿದೆ.

ಮೊದಲು ಬಿಟ್ಟುಬಿಡು ಅಂದಿದ್ದೆ. ಆ ಮಾತನ್ನ ವಾಪಸ್ ತಗೊಂಡೆ. ಅವಳು ಫ್ರೆಂಡ್ ಮನೇಲಿ ನಿದ್ದೆ ಮಾಡಿದಳು, ನಾನು ಇಲ್ಲಿ ಬೀಗದೊಳಗೆ ಎಚ್ಚರ ಇದ್ದೀನಿ. ಬಿಡಬೇಡ ಅವಳನ್ನ.

ಅಕ್ಕ


ಸೆಪ್ಟೆಂಬರ್ 11

ಅಕ್ಕಾ,

ಟೀಚರ್ ವಿಳಾಸಕ್ಕೆ ಬರೀತಿದ್ದೀನಿ. ಅವಸರದ ಅಕ್ಷರ, ಕ್ಷಮಿಸು.

ನಿನ್ನ ಪತ್ರ ಬಾತ್‌ರೂಮಿನಲ್ಲಿ ಚಿಲಕ ಹಾಕ್ಕೊಂಡು ಓದಿದೆ. ಹೊರಗಿಂದ ಮಹಾರಾಣಿ ಬಾಗಿಲು ತಟ್ಟಿ, "ಗುಬ್ಬಿ, ಬದುಕಿದ್ದೀಯೇನೇ?" ಅಂದಳು. ನಲ್ಲಿ ಪೂರ್ತಿ ತಿರುಗಿಸಿದೆ. ಉತ್ತರ ಕೊಟ್ಟಿದ್ರೆ ಬಾಯಿಂದ ಮಾತು ಬರ್ತಿರಲಿಲ್ಲ, ಹಲ್ಲು ಬರ್ತಿತ್ತು.

ಕಲ್ಲಿನ ಗುಂಡಿ ಅಂತ ಜೋಕ್ ಮಾಡಿದ್ನಲ್ಲ ನಾನು. ಪ್ರತಿಮೆಗಾ ಅಂದ್ನಲ್ಲ.

ಒಂದು ಮಾತು ಕೇಳ್ತೀನಿ, ನಿಜ ಹೇಳು. ಬೋರ್ಡಿಂಗ್ ಸ್ಕೂಲಿಗೆ ನಾನು ಹೊರಟ ದಿನ, ನೀನು ಸ್ಕೂಲು ಬಿಟ್ಟು ಅಂಗಡಿ ಕುರ್ಚೀಲಿ ಕೂತೆ. "ನನಗೆ ಓದು ಹತ್ತಲ್ಲ ಕಣೇ" ಅಂದಿದ್ದೆ. ನಾನು ನಂಬಿದೆ. ನನ್ನ ಹೆಸರಿನ ಮೊಳೆಗೆ ನೀನು ಎಷ್ಟು ವರ್ಷದಿಂದ ನೇತಾಡ್ತಿದ್ದೀಯ ಅಕ್ಕಾ? ನಾನು ಹೊರಗೆ ತಿರುಗಾಡ್ತಾ, ಮೊಳೆ ಕಡೆ ಒಂದ್ಸಲನೂ ತಿರುಗಿ ನೋಡಿಲ್ಲ.

ಓದು ನಿಂತ್ರೆ ನಿಲ್ಲಲಿ. ಭಯ ಆಗ್ತಿದೆ, ಸುಳ್ಳು ಹೇಳಲ್ಲ. ಕಾಲೇಜಿನ ನೆರವಿಗೆ ಅರ್ಜಿ ಹಾಕ್ತೀನಿ, ಲೈಬ್ರರೀಲಿ ಪುಸ್ತಕ ಜೋಡಿಸೋ ಕೆಲಸ ಕೇಳ್ತೀನಿ, ಏನೋ ಒಂದು. ನೀನು ಹೊರಗೆ ಬಾ. ಚಿಕ್ಕಪ್ಪ ಯಾವ ದಿನ ಹೆಚ್ಚು ಹೊತ್ತು ಮನೇಲಿರಲ್ಲ, ಬರಿ. ನನ್ನ ಬಿಲ್ಲೆ ವಾಪಸ್ ಬಂದಿದೆ.

ಮಹಾರಾಣಿ ವಿಷಯ ನೀನು ಬಿಡು ಅಂದ್ರೂ ಇನ್ನು ನಾನು ಬಿಡಲ್ಲ. ಸ್ಪರ್ಧೆಯ ದಿನ ಹಾಕ್ತೀನಿ ಅಂತ ಮಾತು ಕೊಟ್ಟು, ಅವಳು ಟವೆಲ್, ಟೋಪಿ ಎಲ್ಲ ತುಂಬ್ಕೊಂಡು ಗೇಟಿಗೆ ಬಂದಾಗ, ಅಜ್ಜನ ಎದುರಿಗೆ ಬಿಲ್ಲೆ ಜೇಬಿಗೆ ಹಾಕ್ಕೊಂಡು ಹಿಂದೆ ತಿರುಗ್ತೀನಿ. ಅವಳ ಮುಖ ನೋಡಬೇಕು ನಾನು. ನೋಡಿ ನಿನಗೆ ಬರೀಬೇಕು, ಗೀಟು ಗೀಟಾಗಿ.

ಗುಬ್ಬಿ


ಸೆಪ್ಟೆಂಬರ್ 17

ಗುಬ್ಬಿ,

ಸ್ಕೂಲಿನ ಮಾತು ಬೇಡ. ನನಗೆ ಗಣಿತ ನಿಜವಾಗಲೂ ಹತ್ತಿರಲಿಲ್ಲ. ಉಳಿದದ್ದು ಎದುರಿಗೆ ಕೂತಾಗ.

ಈಗ ಕೇಳು. 26ನೇ ತಾರೀಕು ಶನಿವಾರ ಬೆಳಿಗ್ಗೆ ವ್ಯಾಪಾರಿಗಳ ಸಂಘದಲ್ಲಿ ಚಿಕ್ಕಪ್ಪನಿಗೆ ಸನ್ಮಾನ. ಹೆಣ್ಣುಮಕ್ಕಳಿಗೆ ಕಸುಬು ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದ್ದಕ್ಕಂತೆ! ನಗಬೇಡ, ಪತ್ರ ಹರಿಯುತ್ತೆ. ಅದಕ್ಕೆ ಹೊಸ ಕೋಟು. ಹೊಲಿಯೋದು ಯಾರು? ಸ್ವಂತ ಕಾಲ ಮೇಲೆ ನಿಂತವಳು.

ನಮ್ಮ ಕಸುಬಿನಲ್ಲಿ ಹೊಸ ಕೋಟಿನ ಜೇಬಿಗೆ ಕಚ್ಚಾ ಹೊಲಿಗೆ ಹಾಕಿ ಬಾಯಿ ಮುಚ್ಚಿರ್ತೀವಿ, ಇಸ್ತ್ರಿ ಮಾಡುವಾಗ ಜೋಲು ಬೀಳಬಾರದು ಅಂತ. ಕೊಡುವಾಗ ದಾರ ಎಳೆದುಬಿಟ್ರೆ ಬಿಚ್ಚಿಕೊಳ್ತದೆ. ನಾನು ಈ ಸಲ ಕಚ್ಚಾ ಹಾಕಲಿಲ್ಲ. ಮೆಷಿನ್ನಿನ ಹೊಲಿಗೆ, ಎರಡು ಸಾಲು, ಒಳಗಿನ ಕ್ಯಾನ್ವಾಸ್ ಸಮೇತ. ಹೊರಗಿಂದ ನೋಡಿದ್ರೆ ಒಂದು ಎಳೆ ಕಾಣಲ್ಲ. ಎಡ ಜೇಬು, ಬಲ ಜೇಬು, ಒಳ ಜೇಬು, ಮೂರೂ. ವೇದಿಕೆ ಮೇಲೆ ನಿಂತು ಕರವಸ್ತ್ರ ಇಡೋಕೆ ಹೋಗಿ ತಡಕಾಡಲಿ, ಊರೆಲ್ಲ ನೋಡಲಿ. ಮೊದಲು ಅಷ್ಟೇ ಅನ್ಕೊಂಡಿದ್ದೆ. ಎಷ್ಟು ಖುಷಿಯಾಯ್ತು ಅಂದ್ರೆ ಪೆಡಲ್ ತುಳೀತಾ ಹಾಡು ಗುನುಗಿಬಿಟ್ಟೆ. ಚಿಕ್ಕಮ್ಮ ಕತ್ತೆತ್ತಿ ನೋಡಿದಳು. ಕೋಟನ್ನೂ ನೋಡಿದಳು. ಕಂಡಿತೋ ಇಲ್ಲವೋ ಗೊತ್ತಿಲ್ಲ. ಕೋಟು ಮಡಿಚಿ ಪಕ್ಕಕ್ಕಿಟ್ಟೆ.

ಆಮೇಲೆ ಹೊಳೀತು. ಉಡೋದು ಪಂಚೆ, ಕೋಟಿಗೂ ಜೇಬಿಲ್ಲದಿದ್ರೆ ಬೀಗದ ಕೈ ಎಲ್ಲಿಡ್ತಾರೆ?

ಎಲ್ಲಿಟ್ರೂ ನಾನು ಅವತ್ತು ಹೊರಗೆ ಬರ್ತೀನಿ. ಬೀಗದ ಕೈ ಸಿಗದಿದ್ರೆ ಹಿಂದಿನ ಕಿಟಕಿ ಮುರೀತೀನಿ. ಮಧ್ಯಾಹ್ನದ ಬಸ್ಸಿಗೆ ಅಲ್ಲಿರ್ತೀನಿ, ಅದೇ ಬೆಂಚು. ಈ ಸಲ ನೀನು ಬರದಿದ್ರೆ ನನಗೆ ವಾಪಸ್ ಬಸ್ಸಿಲ್ಲ, ನೆನಪಿರಲಿ.

ಅಕ್ಕ


ಸೆಪ್ಟೆಂಬರ್ 21

ಅಕ್ಕಾ,

ಬರ್ತೀನಿ. ಪ್ರಾಣ ಹೋದ್ರೂ ಬರ್ತೀನಿ. ಮೊದಲು ಇದನ್ನ ಓದ್ಕೋ, ಆಮೇಲೆ ನಗು.

ಶನಿವಾರ ನಾನು ಹೊರಗೆ ಬರೋಕೆ ಒಂದು ಬಿಲ್ಲೆ ಬೇಕಲ್ಲ. ಎಲ್ಲರನ್ನೂ ಕೇಳಿದೆ. ಒಬ್ಬಳಿಗೆ ಹಲ್ಲು ಡಾಕ್ಟರ್, ಇನ್ನೊಬ್ಬಳಿಗೆ ಅಪ್ಪ ಬರ್ತಾರೆ. ಯಾರ ಬಿಲ್ಲೆ ಖಾಲಿ ಇದೆ ಹೇಳು? ಭಾನುವಾರದ ಸ್ಪರ್ಧೆಗೆ ಅಂತ ಶನಿವಾರ ಇಡೀ ದಿನ ಮಲಗಿ ರೆಸ್ಟ್ ತಗೊಳ್ಳೋ ಒಬ್ಬಳದೇ. ಮಹಾರಾಣಿದು!

ನಾನು ಕೇಳೋ ಮೊದಲೇ ಅವಳೇ ಬಂದಳು. ಮಂಚದ ತುದೀಲಿ ಕೂತು, ಉಗುರು ಕಚ್ಚುತ್ತಾ, "ಶನಿವಾರ ನಾನು ನಿನಗೆ ಹಾಕ್ತೀನಿ, ಭಾನುವಾರ ನೀನು ನನಗೆ ಹಾಕು. ಬೇರೆ ಯಾರೂ ಹಾಕಲ್ಲ ಅಂತಿದ್ದಾರೆ ಗುಬ್ಬಿ" ಅಂದಳು.

"ಯಾಕಂತೆ?" ಅಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಗೊತ್ತಿದೆ ನಿನಗೆ" ಅಂದಳು.

ಆಗಲೇ ಲೆಕ್ಕ ಹಾಕಿದೆ. ಅವಳ ಬಿಲ್ಲೆ ಮೊಳೆ ಮೇಲೆ, ನಾನು ಹೊರಗೆ. ಏಳರ ಗಂಟೆ ಹೊಡೆದಮೇಲೆ ನಾನು ನಿಧಾನಕ್ಕೆ ಬಂದ್ರೆ? ಅವಳ ಬಿಲ್ಲೆ ಡ್ರಾಯರಿಗೆ. ಭಾನುವಾರ ಅವಳು ಗೇಟಿನ ಕಂಬಿ ಹಿಡ್ಕೊಂಡು ಅಳ್ತಾಳೆ. ನಾನೊಂದು ಬಿಸ್ಕತ್ ಪೊಟ್ಟಣ ತರ್ತೀನಿ, "ಓ, ಸಾರಿ ಕಣೆ, ತಿನ್ನು" ಅಂತೀನಿ. ಅದೇ ಬ್ರ್ಯಾಂಡ್. ಈಗಲೇ ಕೊಂಡಿಟ್ಟಿದ್ದೀನಿ.

ಗೇಟಿನ ಎದುರಿಗೆ ಒಂದು ಟೀ ಅಂಗಡಿ ಇದೆ, ಕಂಬದ ಮರೆ. ನಿನ್ನ ಕೆಲಸ ಮುಗಿಸಿ ಇಬ್ಬರೂ ಅಲ್ಲಿ ಕೂತು ಆರಾಮಾಗಿ ನೋಡೋಣ. ನಿನಗೂ ಅರ್ಧ ಪಾಲಿದೆ ಇದರಲ್ಲಿ. ಏನಂತೀಯ?

ಗುಬ್ಬಿ


ಸೆಪ್ಟೆಂಬರ್ 24

ಗುಬ್ಬಿ,

ಎರಡೇ ಸಾಲು, ಟೀಚರ್ ಬಾಗಿಲಲ್ಲಿ ನಿಂತಿದ್ದಾರೆ. ಅರ್ಧ ಅಲ್ಲ, ಮುಕ್ಕಾಲು ಪಾಲು ನನ್ನದು. ಟೀ ನಿನ್ನ ಲೆಕ್ಕ.

ಅಕ್ಕ


ಅಕ್ಟೋಬರ್ 4, ಭಾನುವಾರ

ಅಕ್ಕಾ,

ನಾಟಕ ಮಂದಿರದ ವಿಳಾಸಕ್ಕೆ ಮೊದಲ ಪತ್ರ. ಲಕೋಟೆ ಮೇಲೆ ನಿನ್ನನ್ನ "ವೇಷಭೂಷಣ ವಿಭಾಗ" ಅಂತ ಬರೆಯುವಾಗ ಕೈಗೆ ಕಚಗುಳಿ ಆಯ್ತು. ಆ ಮುಖ್ಯಸ್ಥೆ ಎದುರಿಗೆ ನಿಂತು "ಇವಳು ನಮ್ಮವಳು" ಅಂದಾಗ ನನ್ನ ದನಿ ಒಡೀತಲ್ಲ, ಅವರು ನಗಲಿಲ್ಲ. ಒಳ್ಳೇವ್ರು.

ಆದ್ರೂ ನಿನ್ನ ಮೇಲೆ ಸಿಟ್ಟಿದೆ. ಒಂದು ವಾರ ನುಂಗಿದೆ, ಇನ್ನಾಗಲ್ಲ. ಮುಕ್ಕಾಲು ಪಾಲು ಅಂದವಳು ಯಾರು? ಟೀ ಬಂತು, ಮಹಾರಾಣಿ ಗೇಟಿಗೆ ಬಂದಳು, ಕಂಬಿ ಹಿಡಿದಳು, ನೋಡೋಕೆ ಅಂತಲೇ ಬಂದಿದ್ವಿ, ಇನ್ನೇನು ಗಂಟೆ ಹೊಡೀಬೇಕು. ನೀನು ಟೀ ಲೋಟ ಕುಕ್ಕಿ, ನನ್ನ ತೋಳು ಹಿಡಿದು, ರಸ್ತೆ ಮಧ್ಯೆ ದರದರ ಎಳ್ಕೊಂಡು ಹೋಗಿ, ಗೇಟಿನೊಳಗೆ ತಳ್ಳಿದೆ. ಅಜ್ಜ, "ಯಾರಮ್ಮ ಇವರು, ಪೊಲೀಸಾ?" ಅಂದ. ನೀನು ಬೆನ್ನು ಹಾಕಿ ಹೋದೆ.

ಅವಳು ಗೆದ್ದಳು, ಗೊತ್ತಾ? ಮಾತು ಕೊಟ್ಟಿದ್ನಲ್ಲ, ಭಾನುವಾರ ಬಿಲ್ಲೆ ಹಾಕಿದೆ. ಹಲ್ಲು ಕಚ್ಚಿಕೊಂಡು ಹಾಕಿದೆ. ತಂಡಕ್ಕೆ ಸೆಲೆಕ್ಟ್ ಆಗಿ ಬಂದು ಥ್ಯಾಂಕ್ಸ್ ಕೂಡ ಅನ್ನಲಿಲ್ಲ, ಒದ್ದೆ ಟವೆಲ್ ನನ್ನ ಕುರ್ಚಿ ಮೇಲೆ ಒಣಗಿಹಾಕಿದಳು. ನನ್ನ ಬಿಸ್ಕತ್ತನ್ನ ನಾನೇ ತಿಂದೆ. ಮೆತ್ತಗಾಗಿತ್ತು.

ಚಿಕ್ಕಪ್ಪ ವಾರ್ಡನ್‌ಗೆ ಫೋನ್ ಮಾಡಿದ್ದರು. ಮುಂದಿನ ಟರ್ಮ್‌ನಿಂದ ನನ್ನ ಜವಾಬ್ದಾರಿ ಅವರದಲ್ಲವಂತೆ. ಮೊದಲು ಫೀಸಿನ ಚೀಟಿ ತೆಗೆದು ಲೆಕ್ಕ ಹಾಕಿದೆ. ಆಮೇಲೆ ಲೈಬ್ರರಿಗೆ ಹೋಗಿ ಕೆಲಸ ಕೇಳಿದೆ. ನಾಳೆಯಿಂದ ಬಾ ಅಂದರು. ಅಕ್ಷರಮಾಲೆ ಬರತ್ತಾ ಅಂತ ಟೆಸ್ಟ್ ಮಾಡಿದರು, ಟೆನ್ಷನ್‌ನಲ್ಲಿ ನಡುವೆ ಒಂದಕ್ಷರ ನುಂಗಿದೆ.

ಎರಡು ಪ್ರಶ್ನೆಗೆ ಉತ್ತರ ಕೊಡು. ನನ್ನ ಸೇಡು ಯಾಕೆ ಹಾಳು ಮಾಡಿದೆ? ಮತ್ತೆ, ನೀನು ಹೊರಗೆ ಬಂದಿದ್ದು ಹೇಗೆ? ಅವತ್ತು ಎಷ್ಟು ಕೇಳಿದ್ರೂ ನೀನು ಮಾತು ಬದಲಿಸಿದೆ.

ಗುಬ್ಬಿ


ಅಕ್ಟೋಬರ್ 9

ಗುಬ್ಬಿ,

ಮೊದಲನೆಯದು. ನಾನು ಒಳ್ಳೆಯವಳಾಗಿ ಎದ್ದದ್ದಲ್ಲ. ಆ ಹುಡುಗಿ ಕಂಬಿ ಹಿಡಿದು ರಸ್ತೆಯ ಆ ತುದಿ ನೋಡ್ತಿದ್ದಳು, ಆಮೇಲೆ ಗಡಿಯಾರ, ಮತ್ತೆ ರಸ್ತೆ. ಕತ್ತು ತಿರುಗಿಸೋ ರೀತಿ ನನಗೆ ಗೊತ್ತಿತ್ತು. ಬೆಂಚಿನಲ್ಲಿ ಕೂತು ನನ್ನ ಕತ್ತು ಹಾಗೇ ತಿರುಗ್ತಿತ್ತು. ಕಂಬದ ಮರೆಯಲ್ಲಿ ಲೋಟ ಹಿಡಿದು ಕೂತ ನಾನು ಯಾರ ಹಾಗೆ ಕಾಣ್ತಿದ್ದೀನಿ ಅಂತ ಯೋಚಿಸಿದೆ. ಸನ್ಮಾನದ ಕೋಟು ಹಾಕ್ಕೊಂಡ ಒಬ್ಬರ ಹಾಗೆ. ಲೋಟ ಕುಕ್ಕಿ ಎದ್ದೆ. ಅವಳ ಮೇಲಿನ ಸಿಟ್ಟು ಇನ್ನೂ ಇದೆ. ಟವೆಲ್ ಅವಳ ಹಾಸಿಗೆ ಮೇಲೆ ಎಸಿ, ಹಿಂಡದೇ ಎಸಿ.

ಎರಡನೆಯದು. ಇದನ್ನ ಬಾಯಲ್ಲಿ ಹೇಳೋಕೆ ಆಗಲಿಲ್ಲ.

ಆ ಬೆಳಿಗ್ಗೆ ಸಂಘದ ಕಾರು ಬೀದೀಲಿ ಹಾರ್ನ್ ಹೊಡೀತಿತ್ತು. ಚಿಕ್ಕಪ್ಪ ಹೊಸ ಕೋಟು ಹಾಕಿ ಬೀಗದ ಕೈ ಬಲ ಜೇಬಿಗೆ ಹಾಕಹೋದರು, ಹೋಗಲಿಲ್ಲ. ಎಡಕ್ಕೆ ಹೋಗಲಿಲ್ಲ. "ಇದೇನೇ ಇದು, ಜೇಬಾ ಹಣೆಬರಹನಾ?" ಅಂತ ನನ್ನ ಮೇಲೆ ಕೂಗಿದರು. ಕತ್ತರಿ ತರ್ತೀನಿ ಅಂದೆ. ಚಿಕ್ಕಮ್ಮ ಎದ್ದು, "ಇಸ್ತ್ರಿ ಕೆಡ್ತದೆ, ಫೋಟೋ ತೆಗೀತಾರೆ. ಹಾಗೇ ಹೋಗಿ" ಅಂದಳು. ಅವರು ಬೀಗದ ಕೈಯನ್ನ ಅವಳ ಕೈಗೆ ಕೊಟ್ಟು, "ಒಳಗಿಂದ ಹಾಕ್ಕೋ. ಇವಳ ಮೇಲೆ ಕಣ್ಣಿರಲಿ" ಅಂತ ಹೊರಟರು. ಫೋನ್ ಮೇಜಿನ ಮೇಲೇ ಉಳೀತು.

ಕಾರು ಹೋದ ಸದ್ದು ಪೂರ್ತಿ ಅಡಗೋವರೆಗೂ ಚಿಕ್ಕಮ್ಮ ಕಾದಳು. ಆಮೇಲೆ ಬಾಗಿಲಿನ ಎರಡೂ ಕದ ತೆರೆದು, "ಸೆಕೆ" ಅಂದಳು. ನನ್ನ ಬ್ಯಾಗು ಅವಳ ಮಂಚದ ಕೆಳಗಿಂದ ಬಂತು. ಕತ್ತರಿ, ಟೇಪು, ಶಾಲು, ಎಲ್ಲ ತುಂಬಿಟ್ಟಿದ್ದಳು.

"ಜೇಬು ಹೊಲಿದದ್ದು ನೋಡಿದ್ಯಾ ಚಿಕ್ಕಮ್ಮ?" ಅಂದೆ.

"ಎರಡನೇ ಸಾಲು ನಾನೇ ಗಟ್ಟಿ ಮಾಡಿದೆ. ನಿಂದು ತುದೀಲಿ ಬಿಟ್ಟಿತ್ತು" ಅಂದಳು.

ಬ್ಯಾಗು ಹೆಗಲಿಗೆ ಹಾಕ್ಕೊಂಡೆ. ನೀನೂ ಬಾ ಅಂದೆ. ಬೇಡ ಅಂತ ತಲೆ ಆಡಿಸಿದಳು. "ನಾನೂ ಒಂದ್ಸಲ ಹೊರಟಿದ್ದೆ ಕಣೇ, ನೀವಿಬ್ಬರು ಈ ಮನೆಗೆ ಬರೋ ಮೊದಲು. ಬೀದಿ ತುದಿಗೆ ಹೋದಮೇಲೆ ಕನ್ನಡಕ ಮರೆತದ್ದು ನೆನಪಾಯ್ತು. ತರೋಕೆ ಅಂತ ವಾಪಸ್ ಬಂದೆ. ಬಂದವಳು ಉಳಿದೆ. ನೀನು ಏನು ಮರೆತ್ರೂ ತಿರುಗಬೇಡ."

ಇಷ್ಟು ದಿನ ಅವಳನ್ನ ಬೀಗದ ಮೇಲಿನ ಬೀಗ ಅಂತಿದ್ದೆ ಗುಬ್ಬಿ. ನಿನಗೂ ಹಾಗೇ ಬರೆದೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತವಳು ಯಾವ ಕಡೆ ಕಾಯ್ತಿದ್ದಾಳೆ ಅಂತ ನಾನು ಕೇಳಲೇ ಇಲ್ಲ.

ನಿನ್ನೆ ಸಂಗೀತದ ಟೀಚರ್ ಬಂದಿದ್ದರು. ಚಿಕ್ಕಪ್ಪ ವೇದಿಕೆ ಮೇಲೆ ಹಾರ ಹಾಕಿಸ್ಕೊಂಡು, ಭಾಷಣದ ಕಾಗದ ಜೇಬಿನಲ್ಲಿ ಇಡೋಕಾಗದೆ ಕೊನೇವರೆಗೂ ಕೈಯಲ್ಲಿ ಮುದುಡಿ ಹಿಡ್ಕೊಂಡಿದ್ದರಂತೆ. ಆ ಸುದ್ದಿಗೆ ಒಂದು ನಿಮಿಷ ಹಬ್ಬ ಮಾಡಿದೆ. ಆಮೇಲಿನದು ಕೇಳು. ಜೇಬುಗಳನ್ನ ಬ್ಲೇಡಿನಲ್ಲಿ ಕೊಯ್ದಿದ್ದಾರೆ. ಅಂಗಡಿ ಮುಚ್ಚಿದೆ. ಮನೆಗೆ ಹಗಲೂ ಬೀಗ. ಟೀಚರ್ ಬಾಗಿಲು ತಟ್ಟಿದಾಗ ಒಳಗಿಂದ ಚಿಕ್ಕಮ್ಮ, "ಯಾರು? ನನಗೆ ಕಾಣಲ್ಲ" ಅಂದಳಂತೆ. ಕನ್ನಡಕ ಈಗ ಚಿಕ್ಕಪ್ಪನ ಜೇಬಿನಲ್ಲಿದೆ.

ನಾವಿಬ್ಬರೂ ಹೊರಗಿದ್ದೀವಿ ಗುಬ್ಬಿ. ಮೊಳೆ ಮೇಲೆ ಯಾರಿದ್ದಾರೆ ಹೇಳು.

18ಕ್ಕೆ ಭಾನುವಾರ. ಚಿಕ್ಕಮ್ಮನನ್ನ ಯಾಕೆ ಬೀಗ ಹಾಕಿಟ್ಟಿದ್ದೀರಿ ಅಂತ ಸಂಘದವರ ಎದುರಿಗೇ ಚಿಕ್ಕಪ್ಪನನ್ನ ಕೇಳೋಣ ಅಂತಿದ್ದೀನಿ, ಅವರ ಸಭೆ ಅವತ್ತೇ. ಅದೇ ವೇದಿಕೆ, ಅದೇ ಜನ. ಟೀಚರ್ ಬರ್ತಾರೆ. ನಮ್ಮ ಮುಖ್ಯಸ್ಥೆ ಬರ್ತೀನಿ ಅಂದರು, ಒಡೆದ ಗಾಜಿನ ಲೆಕ್ಕ ಅವರಿಗೆ ಯಾರ ಹತ್ರನಾದ್ರೂ ತೀರಿಸಬೇಕಂತೆ. ಸಂಜೆ ಏಳಕ್ಕೆ ವಾಪಸ್ ಬರೋಕಾಗತ್ತೋ ಇಲ್ವೋ ಗೊತ್ತಿಲ್ಲ. ನಿನಗೆ ಬಿಲ್ಲೆ ಯಾರು ಹಾಕ್ತಾರೆ? ಸುಳ್ಳು ಹೇಳಿ ಹಾಕಿಸ್ಕೋಬೇಡ.

ಅಕ್ಕ


ಅಕ್ಟೋಬರ್ 13

ಅಕ್ಕಾ,

ಟವೆಲ್ ಎಸೆದೆ, ಹಿಂಡದೇ. ಅವಳು ದಿಂಬಿನಿಂದ ಹೊಡೆದಳು. ಆಮೇಲೆ ಕೂತು ನಿನ್ನ ಪತ್ರ ಪೂರ್ತಿ ಅವಳಿಗೆ ಓದಿಹೇಳಿದೆ. ಬೆಂಚಿನಿಂದ ಹಿಡಿದು ಕನ್ನಡಕದವರೆಗೆ, ಟೀ ಅಂಗಡಿ ಸಮೇತ.

"ಟೀ ಅಂಗಡೀಲಿ ನೀವು ಕೂತಿದ್ದು ನೋಡಿದ್ದೆ" ಅಂದಳು. "ಕಂಬದ ಮರೆಯಂತೆ! ನಿನ್ನ ಜಡೆ ಅರ್ಧ ಹೊರಗಿತ್ತು."

"ಮತ್ಯಾಕೆ ಕೂಗಲಿಲ್ಲ?"

"ಕೂಗಿ ಏನಂತ ಹೇಳಲಿ?" ಅಂದಳು. ಒದ್ದೆ ಟವೆಲ್ ಎತ್ತಿ ಹಗ್ಗಕ್ಕೆ ಹಾಕಿದಳು. "ಬೆಂಚಿನ ವಿಷಯ ನನಗೆ ಗೊತ್ತಿರಲಿಲ್ಲ ಗುಬ್ಬಿ."

ಪರವಾಗಿಲ್ಲ ಅಂತ ನಾನು ಹೇಳಲಿಲ್ಲ. ಪರವಾ ಇದೆ, ಈಗಲೂ.

18ರ ವಿಷಯ ಕೇಳಿದೆ. ಹೊಸ ತಂಡದ ಪ್ರಾಕ್ಟೀಸ್ 19ರಿಂದ ಪೇಟೆಯ ಕೊಳದಲ್ಲಿ ಶುರು ಅವಳಿಗೆ. ಎಷ್ಟು ಹೊತ್ತಿಗೆ ಬರ್ತೀಯ ಅಂದಳು. ಗೊತ್ತಿಲ್ಲ, ಏಳಕ್ಕಂತೂ ಆಗಲ್ಲ ಅಂದೆ. ನಿಜವನ್ನೇ ಹೇಳಿದೆ. ಅವಳು ಕತ್ತಿನಿಂದ ಬಿಲ್ಲೆ ತೆಗೆದು ಕೈಯಲ್ಲಿ ಎರಡು ಸಲ ಚಿಮ್ಮಿಸಿ, "ಒಂದು ತಿಂಗಳು ಬಕೆಟ್‌ನಲ್ಲಿ ಈಜ್ತೀನಿ ಬಿಡು" ಅಂದಳು. ಬಾಗಿಲವರೆಗೆ ಹೋಗಿ ತಿರುಗಿ, "ಆ ಮನುಷ್ಯನ ಮುಖ ಹೇಗಾಯ್ತು ಅಂತ ನನಗೂ ಬಂದು ಹೇಳಬೇಕು. ಗೀಟು ಗೀಟಾಗಿ" ಅಂದಳು. ಈಗಲೇ ಹೋಗಿ ಅಜ್ಜನಿಗೆ ಹೇಳಿ ಬಂದಳು, ಭಾನುವಾರ ಇವಳಿಗೆ ನಾನಿದ್ದೀನಿ ಅಂತ.

ಅಕ್ಕಾ, ದೊಡ್ಡ ಕತ್ತರಿ ತಗೊಂಡು ಬಾ. ಅವರು ಆ ಕೋಟು ಹಾಕ್ಕೊಂಡೇ ಸಭೆಗೆ ಬರ್ತಾರೆ, ನೋಡ್ತಿರು. ಬೈಯೋದು, ಕೇಳೋದು, ಮಾನ ತೆಗೆಯೋದು ಎಲ್ಲ ಆಮೇಲೆ. ಮೊದಲು ಆ ಜೇಬಿನಿಂದ ಕನ್ನಡಕ ತೆಗೀಬೇಕು. ಈ ಸಲ ಚಿಕ್ಕಮ್ಮ ಅದಕ್ಕೆ ಅಂತ ವಾಪಸ್ ಹೋಗೋ ಹಾಗಿಲ್ಲ.

ಗುಬ್ಬಿ